ಬೆರಳು ಅಗ್ಗ, ಫೀಡರ್ ದುಬಾರಿಯೇ?

ಹಳೇ ಸ್ಪಿಂಡಲ್ ಮೌಲ್ಡರ್ ಅಗ್ಗಕ್ಕೆ ಸಿಕ್ಕಿತೆಂದು ಶೆಡ್‌ಗೆ ತರುವ ಮಾಲೀಕರು, ಪವರ್ ಫೀಡರ್ ಮಾತೆತ್ತಿದರೆ ‘ನಮ್ಮ ಹುಡುಗರ ಕೈ ಪಳಗಿದೆ’ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಟರ್‌ಗೆ ಪಳಗಿದ ಕೈ ಯಾವುದು, ಹೊಸ ಕೈ ಯಾವುದು? ಮರದಲ್ಲೊಂದು ಗಂಟು ಸಿಕ್ಕರೆ ಸಾಕು, ಪಟ್ಟಿ ಹಿಂದಕ್ಕೆ ಚಿಮ್ಮಿ ಕೈ ಕಟರ್‌ಗೆ ಸಿಗಬಹುದು. ಫೀಡರ್ ಇದ್ದರೆ ಅದರ ರಬ್ಬರ್ ಚಕ್ರಗಳೇ ಮರವನ್ನು ಒತ್ತಿ ಹಿಡಿದು ಒಂದೇ ವೇಗದಲ್ಲಿ ತಳ್ಳುತ್ತವೆ. ಕೈ ದೂರ ಉಳಿಯುತ್ತದೆ. (ಫಿನಿಶಿಂಗೂ ನೀಟಾಗುತ್ತದೆ, ಲಾಭ ನಿಮಗೇ.)

ಕಟರ್‌ನಲ್ಲೂ ಇದೇ ಜುಗ್ಗತನ. ಅದರ ತೂತು ಸ್ಪಿಂಡಲ್‌ಗೆ ಸರಿಯಾಗಿ ಕೂರಬೇಕು, ಮೇಲೆ ಕೊರೆದಿರುವ ಗರಿಷ್ಠ ವೇಗ ಮೀರಬಾರದು. ದೊಡ್ಡ ಕಟರ್ ಹಾಕಿದರೆ ವೇಗ ಇಳಿಸಬೇಕು. ಇದನ್ನು ಹುಡುಗನಿಗೆ ಹೇಳಿಕೊಟ್ಟವರು ಯಾರು?

ಕೆಲಸದಲ್ಲಿ ಗಾಯಗೊಂಡವನಿಗೆ ಮಾಲೀಕನೇ ಪರಿಹಾರ ಕೊಡಬೇಕೆಂದು 1923ರಲ್ಲೇ ಕಾನೂನು ಬಂತು. ಮಾಲೀಕರೇ, ಫೀಡರ್ ಕೂರಿಸುವವರೆಗೆ ಆ ಮೆಷಿನ್ ಸ್ವಿಚ್ ಹಾಕಬೇಡಿ.