ನೀಲಗಿರಿಯ ದಿಮ್ಮಿ ಬಿರಿಯುವುದೇಕೆ?

ಸುಮಾರು 1790ರಲ್ಲಿ ನಂದಿಬೆಟ್ಟಕ್ಕೆ ಬಂದಿತೆನ್ನಲಾಗುವ ನೀಲಗಿರಿಯನ್ನು ತೊಲೆಗಾಗಿ ಕಡಿಸಿದವರು, ಮರವನ್ನು ಉರುಳಿಸಿದ ಸ್ವಲ್ಪ ಹೊತ್ತಿನಲ್ಲಿಯೇ ದಿಮ್ಮಿಯ ತುದಿಯು ತಿರುಳಿನಿಂದ ಹೊರಕ್ಕೆ ಬಿರಿದುದನ್ನು ಕಂಡಿರಬಹುದು. ಬಡಗಿಯು ಬಿಸಿಲನ್ನು ದೂರುತ್ತಾನೆ, ಯಜಮಾನರು ಬಡಗಿಯನ್ನು! ತಪ್ಪು ಇಬ್ಬರದೂ ಅಲ್ಲ. ತೊಗಟೆಯ ಒಳಮಗ್ಗುಲಲ್ಲಿ ಹೊಸದಾಗಿ ಹುಟ್ಟುವ ಮರದ ಎಳೆಗಳು ಬಲಿಯುವಾಗ ಉದ್ದದಲ್ಲಿ ಕುಗ್ಗಲೆಳಸುತ್ತವೆ; ಒಳಗಿನ ಹಳೆಯ ಮರವು ಅದಕ್ಕೆ ಎಡೆಗೊಡದು. ಆದುದರಿಂದ ಹೊರಪದರವು ವೀಣೆಯ ತಂತಿಯಂತೆ ಬಿಗಿದಿರುತ್ತದೆ. ವರ್ಷವರ್ಷದ ಈ ಸೆಳೆತವನ್ನೆಲ್ಲ ಹೊತ್ತ ತಿರುಳು ಒತ್ತಡಕ್ಕೆ ಸಿಕ್ಕಿರುತ್ತದೆ. ನಿಂತ ಮರವು ಗಾಳಿಗೆ ಬಾಗುವಾಗ ಈ ಬಿಗಿಯೇ ಅದಕ್ಕೆ ರಕ್ಷೆ. ಅಡ್ಡಲಾಗಿ ಕತ್ತರಿಸಿದೊಡನೆ ಆ ಸಮತೋಲ ಕೆಡುತ್ತದೆ. ತೋಪುಗಳಲ್ಲಿ ಎಳೆಯದರಲ್ಲೇ ಕಡಿಯುವ ಸಣ್ಣ ಮರಗಳಲ್ಲಿ ಸೆಳೆತಕ್ಕೂ ಒತ್ತಡಕ್ಕೂ ನಡುವಣ ದೂರ ಕಿರಿದು, ಉಪದ್ರವ ಹೆಚ್ಚು. ಹಲಗೆಯನ್ನು ಎದುರುಬದುರು ಮಗ್ಗುಲುಗಳಿಂದ ಸರದಿಯಂತೆ ಕೊಯ್ಯಿಸಿದರೆ ದಿಮ್ಮಿಯು ಬಾಗುವುದು ಕಡಿಮೆಯಾದೀತು. ಒಣಗುವಾಗಿನ ಬಿರುಕಿನ ಮಾತು ಬೇರೆಯೇ ಉಂಟು.