ಏರಿಸಿದ್ದನ್ನು ಇಳಿಸುವ ಹೊಣೆ

ಮೇ ತಿಂಗಳು ಮುಗಿಯುವ ಹೊತ್ತಿಗೆ ಮುಂಬಯಿಯ ಗೃಹಸಂಘಗಳೆಲ್ಲ ತಮ್ಮ ಮಾಳಿಗೆಯತ್ತ ಕಣ್ಣು ಹಾಯಿಸುತ್ತವೆ. ಬಿರುಕುಗಳಿಗೆ ಡಾಂಬರು ಬಳಿಯುವುದು, ನೀರು ಹರಿದುಹೋಗುವ ಕೊಳವೆಗಳ ಬಾಯಿ ಬಿಡಿಸುವುದು, ಹಾರಿಹೋಗಬಹುದಾದ ತಗಡುಗಳನ್ನು ತೆಗೆಸುವುದು, ಇವೆಲ್ಲ ಮಳೆಗಾಲದ ಸಿದ್ಧತೆಗಳು. ಆದರೆ ಮಾಳಿಗೆಯ ಮೇಲೆ ನಿಂತಿರುವ ಕಂಬ, ಗೋಪುರ, ಜಾಹೀರಾತಿನ ಚೌಕಟ್ಟುಗಳನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಅವು ಇಷ್ಟು ವರ್ಷ ನಿಂತಿವೆ. ಆದ್ದರಿಂದ ಗಟ್ಟಿಯಾಗಿಯೇ ಇವೆ ಎಂದು ನಂಬಿ ಸುಮ್ಮನಾಗುತ್ತೇವೆ. ಈ ನಂಬಿಕೆ ನಮ್ಮ ಕಟ್ಟಡದಲ್ಲಿ ಸುಳ್ಳಾದ ಬಗೆಯನ್ನೂ ಅದರಿಂದ ನಾವು ಅರ್ಧ ಮಾತ್ರ ಕಲಿತ ಪಾಠವನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ನಾವು ವಾಸಿಸುವುದು ಉಪನಗರದ ಏಳು ಅಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ. ಅದರ ಮಾಳಿಗೆಯ ಮೇಲೆ ತೊಂಬತ್ತರ ದಶಕದಿಂದ ಒಂದು ರೇಡಿಯೋ ಗೋಪುರವಿತ್ತು. ಮೂರು ಮೂರು ಮೀಟರಿನ ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮೂರು ದಿಕ್ಕುಗಳಿಗೆ ಉಕ್ಕಿನ ಬಿಗಿತಂತಿಗಳಿಂದ ಎಳೆದು ಕಟ್ಟಿದ ಜಾಲರಿ ಗೋಪುರ. ಅದನ್ನು ನಿಲ್ಲಿಸಿದವರು ಆರನೆಯ ಅಂತಸ್ತಿನ ಹಿರಿಯರು. ಸರ್ಕಾರದಿಂದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರರು. ರೂಢಿಯ ಮಾತಿನಲ್ಲಿ ಹೇಳುವುದಾದರೆ 'ಹ್ಯಾಮ್'. ನಿವೃತ್ತಿಯ ನಂತರ ಅವರ ಸಂಜೆಗಳು ದೂರದೇಶದ ಅಪರಿಚಿತರೊಡನೆ ಮಾತನಾಡುವುದರಲ್ಲಿ ಕಳೆಯುತ್ತಿದ್ದವು. ಕಟ್ಟಡದ ಮಕ್ಕಳಿಗೆ ಅದು ಕುತೂಹಲ, ದೊಡ್ಡವರಿಗೆ ಸಣ್ಣ ನಗೆಯ ವಿಷಯ.

2021ರ ಮೇ 17ರಂದು ತೌಕ್ತೆ ಚಂಡಮಾರುತವು ಮುಂಬಯಿಯ ಪಕ್ಕದ ಕಡಲಿನಲ್ಲಿ ಉತ್ತರಾಭಿಮುಖವಾಗಿ ಸಾಗಿ ಅಂದಿನ ರಾತ್ರಿ ಸೌರಾಷ್ಟ್ರದ ತೀರವನ್ನು ದಾಟಿತು. ನಗರದಲ್ಲಿ ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರನ್ನು ಮೀರಿತು. ವಿಮಾನ ನಿಲ್ದಾಣ ಹಲವು ಗಂಟೆಗಳ ಕಾಲ ಮುಚ್ಚಿತು. ಬೀದಿ ಬೀದಿಗಳಲ್ಲಿ ಮರಗಳು ಉರುಳಿದವು. ಸಂಜೆ ನಾವು ಮಾಳಿಗೆಗೆ ಹೋಗಿ ನೋಡಿದಾಗ ಗೋಪುರದ ಒಂದು ಬಿಗಿತಂತಿ ಕಳಚಿಬಿದ್ದಿತ್ತು. ಮೂರನೆಯ ತುಂಡು ಮೊಣಕೈಯಂತೆ ಬಾಗಿತ್ತು. ಅದರ ಮೇಲಿನ ತುಂಡೂ ಆಂಟೆನಾ ಸಹ ನಮ್ಮ ಗೇಟಿನ ನೇರಕ್ಕೆ ವಾಲಿಕೊಂಡಿದ್ದವು.

ಅವು ಕೋವಿಡ್‌ನ ಎರಡನೆಯ ಅಲೆಯ ದಿನಗಳು. ಸಂಘದ ತುರ್ತು ಸಭೆ ಮೊಬೈಲಿನ ಪರದೆಯ ಮೇಲೆ ನಡೆಯಿತು. ಮುಂದಿದ್ದದ್ದು ಎರಡು ದರಪಟ್ಟಿ. ಗೋಪುರ ಕೆಲಸದಲ್ಲಿ ಅನುಭವವಿದ್ದ ಗುತ್ತಿಗೆದಾರರೊಬ್ಬರು ಅಟ್ಟಣಿಗೆ, ಸುರಕ್ಷಾಪಟ್ಟಿ, ಕಾರ್ಮಿಕರ ವಿಮೆ ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದ್ದರು. ಬರಲು ಎರಡು ವಾರ ಬೇಕೆಂದಿದ್ದರು. ಹಳೆಯ ಕಬ್ಬಿಣದ ವ್ಯಾಪಾರಿಯೊಬ್ಬರು ಮರುದಿನವೇ ಬಂದು ಬಿಟ್ಟಿಯಾಗಿ ಕತ್ತರಿಸಿ ಒಯ್ಯುವುದಾಗಿ ಹೇಳಿದ್ದರು. ಕಬ್ಬಿಣವೇ ಅವರ ಕೂಲಿ. ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಬಿಟ್ಟಿ ಕೆಲಸಕ್ಕೆ ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಮುಂದೆ ಬರೆಯುವುದನ್ನು ಓದುವಾಗ ಓದುಗರು ಇದನ್ನು ಮರೆಯಬಾರದು.

ಮರುದಿನ ಬಂದವರು ಇಪ್ಪತ್ತು ದಾಟಿರದ ಇಬ್ಬರು ಹುಡುಗರು. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಗರಗಸ, ಹೆಗಲ ಮೇಲೆ ತೆಂಗಿನ ನಾರಿನ ಹಗ್ಗ. ಒಬ್ಬ ಬಾಗಿದ ಗೋಪುರವನ್ನೇ ಹತ್ತಿ ಮೇಲಿನ ತುಂಡನ್ನು ಕತ್ತರಿಸುವುದು, ಇನ್ನೊಬ್ಬ ಕೆಳಗಿನಿಂದ ಹಗ್ಗ ಎಳೆದು ಮಾಳಿಗೆಯೊಳಕ್ಕೆ ಬೀಳಿಸುವುದು, ಇದು ಅವರ ಯೋಜನೆ. ಹಿರಿಯರು ಮಾಳಿಗೆಯ ಬಾಗಿಲಿಗೆ ಅಡ್ಡವಾಗಿ ನಿಂತರು. ತಮ್ಮ ಗೋಪುರ ಉಳಿಸಿಕೊಳ್ಳಲು ಮುದುಕರು ಹಟ ಹಿಡಿದಿದ್ದಾರೆಂದೇ ನಾವೆಲ್ಲ ಭಾವಿಸಿದೆವು. ಅವರು ಹೇಳಿದ್ದು ಒಂದೇ ಮಾತು: "ಗೋಪುರ ಹೋಗಲಿ, ಈ ಹುಡುಗರು ಅದನ್ನು ಹತ್ತಕೂಡದು." ಅವರು ಕದಲಲಿಲ್ಲ. ಹುಡುಗರು ಅರ್ಧ ದಿನದ ಕೂಲಿಯನ್ನು ಅವರಿಂದಲೇ ಪಡೆದು ಹಿಂದಿರುಗಿದರು.

ಅವರ ಭಯಕ್ಕೆ ಕಾರಣವೇನೆಂದು ನಮಗೆ ಅರ್ಥವಾದದ್ದು ಆಮೇಲೆ. ನೇರವಾಗಿ ನಿಂತ ಗೋಪುರವನ್ನು ಮೂರು ದಿಕ್ಕಿನ ತಂತಿಗಳು ಸಮನಾಗಿ ಎಳೆದು ಹಿಡಿದಿರುತ್ತವೆ. ಒಂದು ತಂತಿ ಹೋದರೆ ಉಳಿದೆರಡರ ಎಳೆತಕ್ಕೆ ಎದುರು ಬಲವಿಲ್ಲ. ಬಾಗಿದ ತುಂಡು ಹೆದೆಯೇರಿಸಿದ ಬಿಲ್ಲಿನಂತೆ. ಅದರೊಳಗೆ ಶಕ್ತಿ ಅಡಗಿ ಕುಳಿತಿದೆ. ತಂತಿಯನ್ನಾಗಲಿ ಬಾಗಿದ ಸರಳನ್ನಾಗಲಿ ಕತ್ತರಿಸಿದ ಕ್ಷಣ ಆ ಶಕ್ತಿ ಯಾವ ಕಡೆಗೆ ಚಿಮ್ಮುತ್ತದೆಂದು ಕತ್ತರಿಸುವವನಿಗೆ ತಿಳಿದಿರುವುದಿಲ್ಲ, ಅವನು ಅದರ ಮೇಲೆಯೇ ನಿಂತಿರುತ್ತಾನೆ. ಬಿರುಗಾಳಿಗೆ ಸಿಕ್ಕಿಯೂ ಬೀಳದ ಗೋಪುರ ಇಳಿಸುವವರ ಕೈಯಲ್ಲಿ ಬೀಳುವುದು ಹೀಗೆ.

ತಂತಿಗಳ ಸಮತೋಲದ ಮಾತು ಸಣ್ಣ ಗೋಪುರಗಳಿಗಷ್ಟೇ ಅನ್ವಯಿಸುವುದಲ್ಲ. ಪೋಲೆಂಡಿನ ಕೊನ್‌ಸ್ಟಾಂಟಿನೂವ್ ಎಂಬಲ್ಲಿ 1974ರಲ್ಲಿ ಪೂರ್ಣಗೊಂಡ ರೇಡಿಯೋ ಗೋಪುರ 646 ಮೀಟರಿಗೂ ಎತ್ತರವಾಗಿತ್ತು. ತನ್ನ ಕಾಲದಲ್ಲಿ ಜಗತ್ತಿನ ಅತ್ಯಂತ ಎತ್ತರದ ಕಟ್ಟಡರಚನೆ. ಅದು ನೆಲಕಚ್ಚಿದ್ದು 1991ರ ಆಗಸ್ಟ್ 8ರಂದು, ಬಿಗಿತಂತಿಗಳನ್ನು ಬದಲಾಯಿಸುವ ಕೆಲಸ ನಡೆಯುತ್ತಿದ್ದಾಗ. ಬಲ್ಲವರ ಕೈಯಲ್ಲೇ ಹಾಗಾಗಬಹುದಾದರೆ ಗರಗಸ ಹಿಡಿದ ಹುಡುಗರ ಗತಿಯೇನು?

ಕೊನೆಗೆ ಮೊದಲನೆಯ ಗುತ್ತಿಗೆದಾರರೇ ಬಂದರು. ಅವರ ಕೆಲಸ ನೋಡುವಂತಿತ್ತು. ಮೊದಲು ಗೇಟನ್ನು ಮುಚ್ಚಿಸಿ ಜನ ಓಡಾಡುವ ದಾರಿಯನ್ನು ಹಿಂಬದಿಗೆ ತಿರುಗಿಸಿದರು. ಬಾಗಿದ ಜಾಗಕ್ಕಿಂತ ಕೆಳಗೆ ಗಟ್ಟಿಯಾಗಿದ್ದ ತುಂಡಿಗೆ ತಾತ್ಕಾಲಿಕ ತಂತಿಗಳನ್ನು ಕಟ್ಟಿದರು. ಗೋಪುರಕ್ಕೆ ತಾಗದಂತೆ ಪಕ್ಕದಲ್ಲಿ ಪೈಪುಗಳ ಅಟ್ಟಣಿಗೆ ನಿಲ್ಲಿಸಿದರು. ಗೋಪುರದ ಮೇಲೆ ಯಾರೂ ಕಾಲಿಡಲಿಲ್ಲ. ಆಂಟೆನಾ, ಅದನ್ನು ತಿರುಗಿಸುವ ಮೋಟಾರು, ನಾಲ್ಕನೆಯ ತುಂಡು, ಮೂರನೆಯ ತುಂಡು, ಹೀಗೆ ಏರಿಸಿದ ಕ್ರಮಕ್ಕೆ ಸರಿಯಾಗಿ ವಿರುದ್ಧ ಕ್ರಮದಲ್ಲಿ, ಒಂದೊಂದನ್ನೂ ರಾಟೆಯ ಹಗ್ಗಕ್ಕೆ ಕಟ್ಟಿದ ಮೇಲಷ್ಟೇ ಬಿಚ್ಚಿ ಇಳಿಸಿದರು. ಗಾಳಿ ಎದ್ದ ಒಂದು ಮಧ್ಯಾಹ್ನ ಕೆಲಸವನ್ನೇ ನಿಲ್ಲಿಸಿದರು. ಒಟ್ಟು ಎರಡು ದಿನ. ವೆಚ್ಚವನ್ನು ಮನೆಗಳಿಗೆ ಹಂಚಿದಾಗ ಒಂದು ತಿಂಗಳ ನಿರ್ವಹಣಾ ಶುಲ್ಕಕ್ಕಿಂತ ಕಡಿಮೆಯಾಯಿತು. ಇಷ್ಟನ್ನು ಉಳಿಸಲು ನಾವು ಇಬ್ಬರು ಹುಡುಗರನ್ನು ಪಣಕ್ಕಿಟ್ಟಿದ್ದೆವು.

ಕೆಳಗಿಳಿದ ತುಂಡುಗಳು ಇನ್ನೊಂದು ಸತ್ಯವನ್ನು ಹೇಳಿದವು. ಬುಡದ ಬೋಲ್ಟುಗಳು ತುಕ್ಕು ತಿಂದು ಸಣಕಲಾಗಿದ್ದವು. ಕಳಚಿದ ತಂತಿಯ ಹಿಡಿಕೆ ಕಡಲಗಾಳಿಯ ಉಪ್ಪಿಗೆ ಪುಡಿಪುಡಿಯಾಗಿತ್ತು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕಾಗಿ ನಮ್ಮ ದೇಶದಲ್ಲಿ ಐಎಸ್ 875 ಎಂಬ ಮಾನಕವಿದೆ. ಅದರ ಪ್ರಕಾರ ಮುಂಬಯಿಗೆ ಲೆಕ್ಕ ಹಾಕಬೇಕಾದ ಮೂಲ ವೇಗ ಸೆಕೆಂಡಿಗೆ 44 ಮೀಟರ್, ಎಂದರೆ ಗಂಟೆಗೆ ಸುಮಾರು 158 ಕಿಲೋಮೀಟರ್. ತೌಕ್ತೆಯ ದಿನ ನಗರದಲ್ಲಿ ದಾಖಲಾದ ವೇಗ ಅದಕ್ಕಿಂತ ಸಾಕಷ್ಟು ಕಡಿಮೆ. ಎತ್ತರಕ್ಕೆ ಹೋದಂತೆ ಗಾಳಿ ಹೆಚ್ಚುತ್ತದೆ, ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದೆಲ್ಲ ನಿಜ; ಆದರೂ ನಮ್ಮ ಗೋಪುರವನ್ನು ಬಾಗಿಸಿದ್ದು ಗಾಳಿಗಿಂತ ಹೆಚ್ಚಾಗಿ ತುಕ್ಕು ಎಂದೇ ಹೇಳಬೇಕು. ಹಿರಿಯರು ಇದನ್ನು ಒಪ್ಪಿಕೊಂಡರು. ಮೊಣಕಾಲಿನ ನೋವು ಶುರುವಾದ ಮೇಲೆ ತಾವು ತಂತಿಗಳನ್ನು ಪರೀಕ್ಷಿಸಿರಲಿಲ್ಲ ಎಂದರು. ಅವರ ಪರವಾಗಿ ಪರೀಕ್ಷಿಸೋಣವೆಂದು ನಮಗೂ ತೋಚಿರಲಿಲ್ಲ.

2024ರ ಮೇ 13ರಂದು ಘಾಟ್ಕೋಪರಿನಲ್ಲಿ ಧೂಳುಗಾಳಿಗೆ ಬೃಹತ್ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಜನ ಸತ್ತರು. ಉದ್ದ ಅಗಲಗಳಲ್ಲಿ 40 ಅಡಿಯ ಮಿತಿ ಇದ್ದ ನಗರದಲ್ಲಿ ಅದು 120 ಅಡಿ ಇತ್ತೆಂಬುದು ಆಮೇಲಿನ ಸುದ್ದಿ. ಅದನ್ನು ಓದಿದ ರಾತ್ರಿ ನಮಗೆ ನೆನಪಾದದ್ದು ಗೇಟಿನ ಮೇಲೆ ವಾಲಿದ್ದ ಆಂಟೆನಾ. ಏರಿಸಲು ಅನುಮತಿ ಕೊಟ್ಟವರು ಹಲವರಿರುತ್ತಾರೆ. ಕಾಯುವವರು, ಕಾಲ ಬಂದಾಗ ಇಳಿಸುವವರು ಯಾರೆಂದು ಯಾವ ಕಾಗದದಲ್ಲೂ ಇರುವುದಿಲ್ಲ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಎರಡು ದಶಕ ಕಳೆದ ನಮಗೆ ಇದು ಹೊಸದಾಗಿ ಕಾಣಬಾರದಿತ್ತು. ವಸ್ತುವೊಂದನ್ನು ಕೊಳ್ಳುವ ಕಡತ ಉತ್ಸಾಹದಿಂದ ಓಡುತ್ತದೆ. ಅದನ್ನು ನಿರುಪಯುಕ್ತವೆಂದು ಘೋಷಿಸಿ ವಿಲೇವಾರಿ ಮಾಡುವ ಕಡತ ಮೇಜಿನಿಂದ ಮೇಜಿಗೆ ನಿಟ್ಟುಸಿರಿಡುತ್ತ ಸಾಗುತ್ತದೆ. ಮುರಿದ ಕುರ್ಚಿಗಳು ಕಾರಿಡಾರಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಈ ವಿಧಾನವನ್ನು ನಾವೆಲ್ಲ ಹಾಸ್ಯ ಮಾಡಿದ್ದೇವೆ. ಆದರೂ ವಿಲೇವಾರಿಗೆ ಒಂದು ನಿಯಮವಿದೆ, ಒಬ್ಬ ಹೊಣೆಗಾರನ ಸಹಿ ಬೇಕು ಎಂಬ ತತ್ತ್ವ ತಪ್ಪಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯೂ ಕೆಡವುವುದನ್ನು ನಿರ್ಮಾಣ ಕೆಲಸದ ವ್ಯಾಖ್ಯೆಯೊಳಗೇ ಸೇರಿಸಿತ್ತು. ಕಟ್ಟುವವನಷ್ಟೇ ರಕ್ಷಣೆ ಕೆಡವುವವನಿಗೂ ಸಲ್ಲಬೇಕೆಂಬುದು ಅದರ ಇಂಗಿತ. ನಮ್ಮ ಸಭೆಗೆ ಆ ಹತ್ತು ನಿಮಿಷದಲ್ಲಿ ಇದು ಹೊಳೆಯಲಿಲ್ಲ.

ಇನ್ನು ಎರಡನೆಯ ತಪ್ಪು. ಗೋಪುರ ಇಳಿದ ಮೇಲಿನ ಸಭೆಯಲ್ಲಿ, ಮಾಳಿಗೆಯ ಮೇಲೆ ಇನ್ನು ಮುಂದೆ ಯಾವುದೇ ರೇಡಿಯೋ ಉಪಕರಣ ಕೂಡದೆಂದು ನಿರ್ಣಯವಾಯಿತು. ಸಾವಿನ ಅಂಚಿನಿಂದ ಪಾರಾದವರ ಭಯ ಅದು, ಅರ್ಥವಾಗುವಂಥದ್ದೇ. ಆದರೆ ಭಯ ಒಳ್ಳೆಯ ಕಾನೂನನ್ನು ಬರೆಯಲಾರದು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಡನೆ ಪೋರ್ಟ್ ಬ್ಲೇರಿನಲ್ಲಿದ್ದರು. ದೂರವಾಣಿ ಸತ್ತುಹೋಗಿದ್ದ ದಿನಗಳಲ್ಲಿ ದ್ವೀಪಗಳ ಸುದ್ದಿ ಹೊರಗೆ ಬಂದದ್ದರಲ್ಲಿ ಅವರ ರೇಡಿಯೋದ ಪಾಲಿದೆ. ಚಂಡಮಾರುತ ಬಂದಾಗ ಮೊದಲು ಮೌನವಾಗುವುದು ಮೊಬೈಲು. ಒಂದು ಬ್ಯಾಟರಿ, ಒಂದು ತಂತಿ ಇದ್ದರೆ ಮಾತನಾಡಬಲ್ಲದ್ದು ಹ್ಯಾಮ್ ರೇಡಿಯೋ. ಕನ್ನಡಿಗರಾದ ನಮಗೆ ಇನ್ನೊಂದು ನೆನಪೂ ಇರಬೇಕು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರು ಸಂದಿತು. ಮನೆಯೊಂದರಲ್ಲಿ ಬೆಳೆದ ಹವ್ಯಾಸವನ್ನು ಹಗುರವಾಗಿ ಕಾಣುವ ಅಧಿಕಾರ ನಮಗೆ ಇಲ್ಲ.

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಮಾಳಿಗೆಯ ಮೇಲೆ ಏನನ್ನೇ ನಿಲ್ಲಿಸಲು ಅನುಮತಿ ಕೊಡುವಾಗ, ಅದನ್ನು ಇಳಿಸುವವರು ಯಾರು, ಯಾರ ಖರ್ಚಿನಲ್ಲಿ ಎಂಬುದನ್ನು ಅದೇ ಕಾಗದದಲ್ಲಿ ಬರೆಯಬೇಕು. ಮೊತ್ತವನ್ನು ಮುಂಗಡವಾಗಿ ಇಡಿಸಿಕೊಳ್ಳಬೇಕು. ಮೊಬೈಲ್ ಕಂಪನಿಯ ಗೋಪುರವಾದರೂ ಸರಿ, ನೆರೆಯವರ ಹವ್ಯಾಸವಾದರೂ ಸರಿ. ಪ್ರತಿ ಮೇ ತಿಂಗಳು ಬೋಲ್ಟು, ತಂತಿಗಳನ್ನು ಬಲ್ಲವರಿಂದ ನೋಡಿಸಬೇಕು. ಅದು ಒಡೆಯನೊಬ್ಬನ ಕೆಲಸವಲ್ಲ, ಕಟ್ಟಡದ ಕೆಲಸ. ಕೆಡವುವ ದರಪಟ್ಟಿ ಬಂದಾಗ ಮೊದಲು ಮೊತ್ತ ನೋಡದೆ, ಹತ್ತುವವನಿಗೆ ಪಟ್ಟಿಯೂ ವಿಮೆಯೂ ಇವೆಯೇ ಎಂದು ಕೇಳಬೇಕು. ಬಿಟ್ಟಿಯಾಗಿ ಮಾಡುವವರು ಬಂದರೆ ಆ ಬೆಲೆಯನ್ನು ಇನ್ನಾರು ತೆರುತ್ತಿದ್ದಾರೆಂದು ವಿಚಾರಿಸಬೇಕು.

ಈಗಲೂ ನಮ್ಮ ಮಾಳಿಗೆಯಲ್ಲಿ ಗೋಪುರ ನಿಂತಿದ್ದ ಜಾಗದ ಕಾಂಕ್ರೀಟು ಹಾಗೆಯೇ ಇದೆ. ಹಿರಿಯರು ಗೋಪುರವನ್ನು ಮತ್ತೆ ಕೇಳಿಲ್ಲ. ನೀರಿನ ಟ್ಯಾಂಕಿನಿಂದ ಮೆಟ್ಟಿಲ ಕೋಣೆಯವರೆಗೆ ಒಂದು ತೆಳು ತಂತಿಯನ್ನು ಕಟ್ಟಿಕೊಳ್ಳಲು ಅನುಮತಿ ಕೋರಿದ್ದಾರೆ. ಅದರ ತೂಕ ಬಟ್ಟೆ ಒಣಗಿಸುವ ಹಗ್ಗದಷ್ಟು. ಬರುವ ವಾರ್ಷಿಕ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ನಾವು ಕೈ ಎತ್ತುವವರೇ. ಆದರೆ ಅದಕ್ಕೆ ಮೊದಲು, ಆ ತಂತಿಯನ್ನು ಮುಂದೊಂದು ದಿನ ಬಿಚ್ಚುವವರ ಹೆಸರನ್ನು ನಿರ್ಣಯದ ಪುಸ್ತಕದಲ್ಲಿ ಬರೆಯಿರೆಂದು ಕೇಳಲಿದ್ದೇವೆ.