ಕೊಂಬಿನವನನ್ನು ನೋಡಿ ನಗುವ ಮೊದಲು

ಹಣೆಯಲ್ಲಿ ಎರಡು ಕೊಂಬು, ತುಟಿಯ ಸುತ್ತ ಸಾಲುಸಾಲು ರಿಂಗ್. ಜರ್ಮನಿಯ ರೋಲ್ಫ್ ಬುಖ್‌ಹೋಲ್ಜ್‌ನ ಫೋಟೋ ವಾಟ್ಸಾಪಿಗೆ ಬಂದರೆ ನಮ್ಮ ರೂಮುಗಳಲ್ಲಿ ಕೇಳುವ ಮಾತು ಒಂದೇ: "ಇದೆಂಥ ಹುಚ್ಚು ಮಾರಾಯ್ರೆ!" ಮೈಯಲ್ಲಿ 453 ಕಡೆ ಚುಚ್ಚಿಸಿಕೊಂಡು ಗಿನ್ನೆಸ್ ದಾಖಲೆ ಮಾಡಿದವನು ಈತ. 2014ರಲ್ಲಿ ದುಬೈ ವಿಮಾನ ನಿಲ್ದಾಣದಿಂದಲೇ ಈತನನ್ನು ವಾಪಸ್ ಕಳಿಸಿದ್ದರು.

ಹುಚ್ಚು ಅಂದುಬಿಟ್ಟರೆ ಯೋಚಿಸುವ ಕೆಲಸ ಇಲ್ಲ. ನಮ್ಮ ತಕರಾರು ಇರುವುದೇ ಅಲ್ಲಿ. ಬುಖ್‌ಹೋಲ್ಜ್ ಕಂಪ್ಯೂಟರ್ ಕ್ಷೇತ್ರದ ನೌಕರ. ಇದಕ್ಕೆ ಕೈ ಹಾಕಿದ್ದು 40ನೇ ವಯಸ್ಸಿನಲ್ಲಿ. ನಾಲಗೆ ಸೀಳಿಸಿ, ಹಲ್ಲು ಚೂಪು ಮಾಡಿಸಿ, ಮೈತುಂಬ ಹಸಿರು ಹಚ್ಚೆ ಹಾಕಿಸಿಕೊಂಡ ಅಮೆರಿಕದ 'ಹಲ್ಲಿ ಮನುಷ್ಯ' ಎರಿಕ್ ಸ್ಪ್ರೇಗ್ ತತ್ವಶಾಸ್ತ್ರದಲ್ಲಿ ಪಿಎಚ್‌ಡಿಗೆ ಓದುತ್ತಿದ್ದವನು. ಹುಲಿಯಂತೆ ಕಾಣಲು ಮೇಲ್ತುಟಿ ಸೀಳಿಸಿಕೊಂಡ ಡೆನಿಸ್ ಆವ್ನರ್, ಇದು ತನ್ನ ಮೂಲನಿವಾಸಿ ಪೂರ್ವಿಕರ ದಾರಿ ಎನ್ನುತ್ತಿದ್ದ. ಒಬ್ಬನಿಗೆ ಅದು ಕಲೆ, ಹೊಟ್ಟೆಪಾಡು, ಇನ್ನೊಬ್ಬನಿಗೆ ನಂಬಿಕೆ. ಕೆಲವರಿಗೆ ಮಾತ್ರ ನಿಜವಾದ ಕಾಯಿಲೆ. ಗಟ್ಟಿಮುಟ್ಟಾದ ಕಾಲೇ ತನ್ನದಲ್ಲ, ಕತ್ತರಿಸಿ ಎಂದು ಕಾಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಸೇರಿಸಿದೆ. ಎಲ್ಲರನ್ನೂ ಒಂದೇ ಗೋಣಿಗೆ ತುಂಬಬೇಡಿ.

ಇದನ್ನೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಸೃಷ್ಟಿಕರ್ತ ಕೊಟ್ಟ ರೂಪವನ್ನು ಕೆಡಿಸಬಾರದು ಎಂಬುದೇ ನಮ್ಮ ನಂಬಿಕೆ. ಆದರೆ ಆ ಪಾಠ ಕೊಂಬಿನವನಿಗೆ ಮಾತ್ರವಾ?

ನಮ್ಮ ರೂಮುಗಳ ಕಪಾಟು ತೆಗೆದು ನೋಡಿ. ರಜೆಗೆ ಊರಿಗೆ ಹೋಗುವ ಮೊದಲು ಬೆಳ್ಳಗಾಗಬೇಕೆಂದು ತಂದ, ತಯಾರಿಸಿದವರ ಹೆಸರೇ ಇಲ್ಲದ ಕ್ರೀಮ್ ಡಬ್ಬಿ ಉಂಟು. ಜಿಮ್ಮಿನ ಗೆಳೆಯ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್ ಉಂಟು. ಇಂಥ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಕಿಡ್ನಿ ಹಾಳುಮಾಡುತ್ತದೆ. ನಮ್ಮ ನೆರೆಯ ಮಲಪ್ಪುರಂ ಜಿಲ್ಲೆಯ ವೈದ್ಯರೇ ಇಂಥ ರೋಗಿಗಳನ್ನು ಕಂಡು ಎಚ್ಚರಿಸಿದ್ದಾರೆ. ಆ ಇಂಜೆಕ್ಷನ್ ಹೃದಯಕ್ಕೆ ಅಪಾಯ. ಮಕ್ಕಳಾಗುವ ಶಕ್ತಿಯನ್ನೂ ಕುಂದಿಸಬಹುದು. ಕೊಂಬು ಹಾಕಿಸಿಕೊಂಡವನು ತನಗೆ ಬೇಕೆಂದು ಹಾಕಿಸಿಕೊಂಡ. ನಮ್ಮ ಹುಡುಗರು ಕಿಡ್ನಿ ಕಳಕೊಳ್ಳುವುದು ಯಾರ ಕಣ್ಣಿಗಾಗಿ?

ಗಲ್ಫಿಗೆ ಬರುವಾಗಲೇ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿ 'ಫಿಟ್', 'ಅನ್‌ಫಿಟ್' ಎಂದು ಬರೆಯುತ್ತಾರೆ. ದುಡಿಯುವ ಮೈ ಕಂಪನಿಯ ಲೆಕ್ಕಕ್ಕೆ. ಊರಿಗೆ ಹೋದರೆ ಅಲ್ಲಿಯೂ ಅಳತೆ: "ಹುಡುಗ ಸ್ವಲ್ಪ ಕಪ್ಪು, ಬಡಕಲು." ನಮ್ಮ ಹೆಣ್ಮಕ್ಕಳಿಗಂತೂ ಈ ತೂಕ ಹುಟ್ಟಿದಂದಿನಿಂದಲೇ. ಹೀಗೆ ತೂಗಿಸಿಕೊಂಡ ಜೀವ ಕೊನೆಗೆ ತನ್ನ ಮೈಯನ್ನೇ ಹಗೆ ಮಾಡಿಕೊಂಡರೆ ಅದರಲ್ಲಿ ನಮ್ಮೆಲ್ಲರ ಪಾಲೂ ಉಂಟು.

ಆದ್ದರಿಂದ ನೇರವಾಗಿ ಹೇಳುತ್ತೇವೆ. ಸಂಬಂಧ ನೋಡುವಾಗ ಬಣ್ಣದ ಮಾತೆತ್ತುವ ದಲ್ಲಾಳಿಯನ್ನು ಅಲ್ಲೇ ತಡೆಯಿರಿ. ರೂಮಿನಲ್ಲಿ 'ಕರಿಯ', 'ಕಡ್ಡಿ' ಎಂಬ ತಮಾಷೆ ನಿಲ್ಲಿಸಿ. ಹೆಸರಿಲ್ಲದ ಡಬ್ಬಿಯನ್ನು ಬಿಡಿ. ಹಚ್ಚಿದವರಿಗೆ ಕಾಲು ಊದಿದರೆ, ಮೂತ್ರದಲ್ಲಿ ನೊರೆ ಕಂಡರೆ, ಡ್ಯೂಟಿ ಉಂಟೆಂದು ಮುಂದೂಡಬೇಡಿ. ಡಾಕ್ಟರಿಗೆ ಕ್ರೀಮಿನ ಡಬ್ಬಿಯನ್ನೂ ತೋರಿಸಿ. ಇಷ್ಟು ಮಾಡಿದ ಮೇಲೆ ಕೊಂಬಿನವನ ಬಗ್ಗೆ ಮಾತಾಡುವ.